ಅಳುವವರಿಗೆ ಟೇಬಲ್ ಕಾದಿರಿಸಲಾಗಿದೆ

ಲಿಸ್ಬನ್ನಿನ ಆಲ್ಫಾಮಾ ಗಲ್ಲಿಗಳಲ್ಲಿ ಕತ್ತಲಾಯಿತೆಂದರೆ ದುಃಖದ ವ್ಯಾಪಾರ, ಅಂದರೆ ಪೋರ್ಚುಗಲ್ಲಿನ ಶೋಕಗೀತೆ ಫಾಡೋದ ವ್ಯಾಪಾರ, ಶುರು. ಬಾಗಿಲಲ್ಲಿ ಮೆನು ಹಿಡಿದು ನಿಂತವನು ಕೈಬೀಸಿ ಕರೆಯುತ್ತಾನೆ: ಬನ್ನಿ, ಇಲ್ಲಿ ಅಸಲಿ ಫಾಡೋ! ಪಕ್ಕದ ಬಾಗಿಲಿನವನದೂ ಅಸಲಿಯೇ. ಎಷ್ಟು ಬೇಕಾದರೂ ಅಳಬಹುದು, ಆದರೆ ತಲೆಗೆ ಇಷ್ಟು ಯೂರೋ ಅಂತ ಕನಿಷ್ಠ ಊಟ ಮಾಡಲೇಬೇಕು.

ಕೂತ ಕೂಡಲೇ, ನೀವು ಕೇಳದಿದ್ದರೂ ಬ್ರೆಡ್ಡು, ಆಲಿವ್, ಚೀಸು ಬರುತ್ತವೆ. ಎಂಥಾ ಆತಿಥ್ಯ ಅಂತ ನಮ್ಮೂರಿನವರು ಧಾರಾಳವಾಗಿ ಕೈಹಾಕುತ್ತಾರೆ. ಅದರ ಹೆಸರು ‘ಕುವೇರ್’, ಬಿಲ್ಲಿನಲ್ಲಿ ಅದಕ್ಕೆ ಬೇರೆಯೇ ಸಾಲು. ಕೇಳದೆ ತಂದಿಟ್ಟದ್ದನ್ನು ಗಿರಾಕಿ ಮುಟ್ಟದಿದ್ದರೆ ದುಡ್ಡು ಕೇಳುವಂತಿಲ್ಲ ಎಂದು 2015ರ ಕಾನೂನೇ ಇದೆ. ಆದರೆ ಹಸಿದವನ ಮುಂದೆ ಬ್ರೆಡ್ಡಿಟ್ಟು, ಮೀನು ಬರಲು ಮುಕ್ಕಾಲು ಗಂಟೆ ಮಾಡಿದರೆ ಕಾನೂನಾದರೂ ಏನು ಮಾಡೀತು? ತಟ್ಟೆಯಂಚಿನ ಆಲಿವ್ ಬೀಜಗಳೇ ಸಾಕ್ಷಿ ಹೇಳುತ್ತವೆ.

ಕೊನೆಗೂ ಬಕಲ್ಯಾವು ಬಂತು, ಬಿಸಿಬಿಸಿ ಉಪ್ಪುಮೀನು. ಸರಿಯಾಗಿ ಅದೇ ಹೊತ್ತಿಗೆ ದೀಪ ಆರುತ್ತದೆ. ಸದ್ದು ಮಾಡಬೇಡಿ, ಫಾಡೋ ಹಾಡುತ್ತಾರೆ! ಎತ್ತಿದ ಫೋರ್ಕು ಬಾಯಿಗೂ ತಟ್ಟೆಗೂ ಮಧ್ಯೆ ತ್ರಿಶಂಕು. ಹನ್ನೆರಡು ತಂತಿಯ ಗಿಟಾರ್ ನರಳುತ್ತಿರುವಾಗ ಮೀನಿನ ಮುಳ್ಳು ಗಂಟಲಿಗೆ ಸಿಕ್ಕರೂ ಕೆಮ್ಮುವಂತಿಲ್ಲ. ಕೊಯಿಂಬ್ರಾ ಊರಿನಲ್ಲಾಗಿದ್ದರೆ ಬಚಾವಾಗುತ್ತಿದ್ದಿರಿ. ಅಲ್ಲಿಯ ಫಾಡೋಗೆ ಮೆಚ್ಚುಗೆ ಸೂಚಿಸುವುದೇ ಕೆಮ್ಮಿ. ಲಿಸ್ಬನ್ನಿನಲ್ಲಿ ಅದು ಅಪರಾಧ. ಮೂಲೆಯ ಟೇಬಲ್ಲಿನವರು ಮೊಬೈಲಿನಲ್ಲಿ ಇಡೀ ಹಾಡನ್ನು ಚಿತ್ರೀಕರಿಸುತ್ತಾರೆ, ಅದು ಮಾತ್ರ ರಸಿಕತೆ.

ಹಾಡುವವಳು ಕಪ್ಪು ಶಾಲು ಹೊದ್ದಿದ್ದಾಳೆ. ಮೊರಾರಿಯಾ ಕೇರಿಯ ಮರಿಯಾ ಸೆವೆರಾಳ ಶೋಕದಲ್ಲಿ ಹೊದ್ದ ಶಾಲು ಎಂಬ ಪ್ರತೀತಿ. ಹೆಂಡದಂಗಡಿಗಳಲ್ಲಿ ಹಾಡುತ್ತಿದ್ದ ಆ ವೇಶ್ಯೆ 1846ರಲ್ಲಿ, ಇಪ್ಪತ್ತಾರಕ್ಕೇ ತೀರಿಕೊಂಡಳು. ಬದುಕಿದ್ದಾಗ ಮರ್ಯಾದಸ್ಥರು ಅವಳಿದ್ದ ಬೀದಿಗೆ ಹಗಲಲ್ಲಿ ಬರುತ್ತಿರಲಿಲ್ಲ. 1927ರಲ್ಲಿ ಮಿಲಿಟರಿ ಸರ್ಕಾರಕ್ಕೆ ಈ ಹಾಡಿನ ಮೇಲೆ ಅನುಮಾನ ಬಂತು: ಹಾಡುಗಾರರಿಗೆ ಲೈಸೆನ್ಸು, ಸಾಹಿತ್ಯಕ್ಕೆ ಸೆನ್ಸಾರು. ಬಡವರು ಅಳುವುದಕ್ಕೂ ಅನುಮತಿ ಬೇಕಾಯಿತು. ಆಮೇಲೆ ಅದೇ ಫಾಡೋ ದೇಶದ ಹೆಮ್ಮೆಯಾಯಿತು. 1999ರಲ್ಲಿ ಫಾಡೋ ಗಾಯಕಿ ಅಮಾಲಿಯಾ ರೊದ್ರಿಗೆಷ್ ತೀರಿಕೊಂಡಾಗ ಮೂರು ದಿನ ರಾಷ್ಟ್ರೀಯ ಶೋಕ, 2011ರಲ್ಲಿ ಫಾಡೋಗೆ ಯುನೆಸ್ಕೋ ಪರಂಪರೆ ಪಟ್ಟಿಯಲ್ಲಿ ಜಾಗ. ದುಃಖಕ್ಕೆ ಸರ್ಟಿಫಿಕೇಟು ಸಿಕ್ಕಮೇಲೆ ರೇಟು ಇಳಿದ ಉದಾಹರಣೆ ಎಲ್ಲೂ ಇಲ್ಲ.

ಈಗ ಹಾಡುತ್ತಿರುವುದು ಹಳೆಯ ಬೀದಿ, ಹಳೆಯ ನೆರೆಹೊರೆಯ ಕುರಿತು. ಕಣ್ಣೀರು ಉಕ್ಕಿಸುವ ಹಾಡು. ಆ ನೆರೆಹೊರೆಯವರೆಲ್ಲಿ ಎಂದು ಮಾತ್ರ ಕೇಳಬೇಡಿ. ಬಾಡಿಗೆ ಕೊಡಲಾಗದೆ ಎಷ್ಟೋ ಮಂದಿ ಊರಾಚೆ ಹೋಗಿದ್ದಾರೆ. ಅವರಿದ್ದ ಕೋಣೆಗಳು ದಿನದ ಲೆಕ್ಕದಲ್ಲಿ ಪ್ರವಾಸಿಗಳಿಗೆ. ಬೀದಿ ಖಾಲಿ ಮಾಡಿಸಿದ ಗಿರಾಕಿಯೇ ಬೀದಿ ಖಾಲಿಯಾದ ಹಾಡಿಗೆ ಬಿಕ್ಕಿಬಿಕ್ಕಿ ಅತ್ತು, ಟಿಪ್ಸೂ ಕೊಡುತ್ತಾನೆ.

ದೀಪ ಹತ್ತಿತು. ಮೀನು ಆರಿ ತಣ್ಣಗಾಗಿದೆ, ಬೇಗ ಮುಗಿಸಿ. ಹತ್ತೂವರೆಯ ಸರದಿಯವರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಅವರೂ ಅಳಬೇಕು.