ಹಿಂದಕ್ಕೆ ನಡೆದ್ರೆ ಏನಾಯ್ತದೆ?

"ಮೇಷ್ಟ್ರೇ, ನಮ್ಮ ಹುಡ್ಗ ಸತ್ತೋನ್ನ ಬದುಕುಸ್ತಾವ್ನೆ, ಬನ್ನಿ ಇಲ್ಲಿ!"

ಬೇಲಿಯಾಚೆಯಿಂದ ಗೌಡರು ಕೂಗಿದರು. ಬೇಲಿ ಅಂತ ಹೆಸರಿಗೆ ಮಾತ್ರ. ನಾಲ್ಕು ಗೂಟ, ಒಂದಿಷ್ಟು ಕಳ್ಳಿ. ನುಗ್ಗೆಕಾಯಿ, ಕೋಳಿ, ಮಾತು ಮೂರಕ್ಕೂ ಅದು ಅಡ್ಡಿ ಮಾಡಿದ್ದಿಲ್ಲ. ಮೈಸೂರಲ್ಲಿ ಇಂಜಿನಿಯರಿಂಗ್ ಓದುವ ಅವರ ಮೊಮ್ಮಗ ರಜೆಗೆ ಬಂದವನು ಜಗಲಿ ಮೇಲೆ ಲ್ಯಾಪ್‌ಟಾಪ್ ಹಿಡಿದು ಕುಂತಿದ್ದ. ಪರದೆಯಲ್ಲಿ ಕೋಟು ಹಾಕಿದ ಒಬ್ಬ ಕುಳ್ಳ ಹಳ್ಳಕ್ಕೆ ಬಿದ್ದ, ಸತ್ತ. ಹುಡುಗ ಒಂದು ಗುಂಡಿ ಒತ್ತಿಹಿಡಿದ. ಸತ್ತವನು ಹಳ್ಳದಿಂದ ಮೇಲಕ್ಕೆ ಹಾರಿ, ಹಿಂದಹಿಂದಕ್ಕೆ ಓಡಿ, ಮೊದಲು ನಿಂತಿದ್ದಲ್ಲೇ ನಿಂತ.

"ಇದು 'ಬ್ರೇಡ್' ಅಂತ ಸಾರ್. ಜೊನಾಥನ್ ಬ್ಲೋ ಅನ್ನೋರು ಮಾಡಿದ್ದು, 2008ರಲ್ಲಿ ಬಂತು. ಹಳೇದೇ. ನಾನೂ ಇಂಥದೊಂದು ಚಿಕ್ಕದು ಮಾಡೋಣ ಅಂತ ನೋಡ್ತಿದೀನಿ."

"ಬದುಕ್ಸೋದು ಅಷ್ಟು ಸುಲಭ ಆದ್ರೆ ಆಟದಲ್ಲಿ ಕಷ್ಟ ಏನಪ್ಪ?" ಅಂದೆ.

ಕಷ್ಟ ಸಾಯುವುದರಲ್ಲಿಲ್ಲವಂತೆ, ಒಗಟಿನಲ್ಲಿದೆಯಂತೆ. ಆ ಆಟದಲ್ಲಿ ಹಲವು ಲೋಕಗಳು; ಒಂದೊಂದರಲ್ಲಿ ಕಾಲಕ್ಕೆ ಒಂದೊಂದು ಕಾನೂನು. ಒಂದು ಲೋಕದಲ್ಲಂತೂ ಕಾಲವನ್ನು ಜಾಗಕ್ಕೇ ಕಟ್ಟಿಹಾಕಿದ್ದಾರೆ. ಕುಳ್ಳ ಬಲಕ್ಕೆ ನಡೆದರೆ ಸುತ್ತಲಿನ ಜಗತ್ತು ಮುಂದೆ ಸಾಗುತ್ತದೆ, ಎಡಕ್ಕೆ ನಡೆದರೆ ಎಲ್ಲ ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ನಿಂತರೆ ಅಲ್ಲಲ್ಲೇ ನಿಲ್ಲುತ್ತದೆ. 2016ರಲ್ಲಿ ಪೋಲೆಂಡಿನವರು ತಂದ 'ಸೂಪರ್‌ಹಾಟ್' ಅನ್ನುವ ಆಟದಲ್ಲಿ ಗುಂಡು ಹಾರಿಸುವ ಶತ್ರುಗಳೂ ಹೀಗೇ: ನೀವು ಕದಲಿದರೆ ಗುಂಡೂ ಕದಲುತ್ತದೆ, ನೀವು ಸುಮ್ಮನಿದ್ದರೆ ಅದು ಹೆಚ್ಚುಕಡಿಮೆ ಗಾಳಿಯಲ್ಲೇ ತೂಗುತ್ತದೆ.

"ನಾನು ನಡೆದ್ರೇನೆ ಹೊತ್ತು ಹೋಗೋದಾದ್ರೆ, ನಮ್ಮ ತಾಲ್ಲೂಕಾಪೀಸ್ನಲ್ಲಿ ಹೊತ್ತೇ ಮುಳುಗ್ತಿರ‍್ಲಿಲ್ಲ" ಅಂದರು ಗೌಡರು.

ಹುಡುಗ ಇದೆಲ್ಲ ಹೊಸದು ಅಂದುಕೊಂಡಿದ್ದ. ನನಗೆ ನಾಲಿಗೆ ತುರಿಸಿತು. ಆಡುವವನು ಕದಲುವವರೆಗೆ ಕಾಲ ಕದಲದು ಅನ್ನುವ ಕಾನೂನು ಚದುರಂಗದ ಹಲಗೆಯ ಮೇಲೆ ಯಾವತ್ತಿನಿಂದಲೂ ಇದೆ. ಒಬ್ಬ ಕಾಯಿ ನಡೆಸದೆ ಕುಂತರೆ ಇನ್ನೊಬ್ಬನ ದಂಡೆಲ್ಲ ಹಾಗೇ ನಿಂತಿರಬೇಕು. ಹೊರಗಿನ ಗಡಿಯಾರವನ್ನು ಆಟದೊಳಕ್ಕೆ ಎಳೆದು ತಂದವರು ತಡವಾಗಿ ಬಂದರು. ಲಂಡನ್ನಿನ ಪಂದ್ಯದಲ್ಲಿ ಜೋಡಿ ಗಡಿಯಾರ ಇಟ್ಟಿದ್ದು 1883ರಲ್ಲಿ.

ಚೌಕಾಬಾರ ಇನ್ನೂ ಮಜಾ. ಐದೈದು ಮನೆಯ ಚೌಕ, ನಾಲ್ಕು ಹುಣಸೆಬೀಜ, ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಹೊರಸುತ್ತಿನಲ್ಲಿ ಕಾಯಿ ಒಂದು ದಿಕ್ಕಿಗೆ ಹೋದರೆ ಒಳಸುತ್ತಿಗೆ ಬಂದೊಡನೆ ಎದುರು ದಿಕ್ಕಿಗೆ ತಿರುಗುತ್ತದೆ. ಇನ್ನೊಬ್ಬರ ಕಾಯಿ ಕಡಿಯದೆ ಒಳಗೆ ಪ್ರವೇಶವಿಲ್ಲ. ನಡುಮನೆ ತಲುಪಿದರೆ ಹಣ್ಣು. ಹಣ್ಣಾಗಲು ಒಂದೇ ಮನೆ ಬಾಕಿ ಇರುವ ಕಾಯಿಯನ್ನು ಯಾರಾದರೂ ಕಡಿದರೆ ಮತ್ತೆ ಮೊದಲಿಂದ ಶುರು. ಇದರಲ್ಲಿ ಕಾಲ ಹಿಂದಕ್ಕೆ ಹೋಗುವುದಿಲ್ಲ, ನೀವೊಬ್ಬರೇ ಹೋಗುತ್ತೀರಿ. ಅದಕ್ಕೇ ಗೌಡರ ಮನೆಯಲ್ಲಿ ಚೌಕಾಬಾರ ಆಡಿದ ರಾತ್ರಿ ಅತ್ತೆ ಸೊಸೆ ಮಾತಾಡುವುದಿಲ್ಲ.

ಇನ್ನು ಕುದುರೆ ನಡೆಯ ಒಗಟು. ಚದುರಂಗದ ಕುದುರೆಯನ್ನು ಒಂದು ಮನೆಯಲ್ಲಿ ಇಟ್ಟು, ಅದರ ನೆಗೆತದಲ್ಲೇ 64 ಮನೆಗಳನ್ನೂ ಮುಟ್ಟಿಸಬೇಕು. ಮುಟ್ಟಿದ ಮನೆಗೆ ಮರಳಿ ಬರಬಾರದು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದರ ಹುಚ್ಚೇ ಹಿಡಿದಿತ್ತು. 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಸರ ಹತ್ತಿರ ಧಾರಾಳವಾಗಿ ಉಳಿದದ್ದು ಸಮಯವೊಂದೇ. ಕುದುರೆ ನಡೆಗಳನ್ನು ಹೆಣೆದರು, ಹೊಸ ಹಲಗೆಗಳನ್ನು ಮಾಡಿಸಿದರು. ಅವರ 'ಶ್ರೀತತ್ತ್ವನಿಧಿ' ಗ್ರಂಥದ ಒಂಬತ್ತನೆಯ ನಿಧಿ, ಕೌತುಕನಿಧಿ, ಆಟಗಳಿಗೇ ಮೀಸಲು. ಅಧಿಕಾರ ಹೋದ ರಾಜಕಾರಣಿಗಳು ಈಗ ಏನೇನು ಮಾಡುತ್ತಾರೆ ಅಂತ ನೋಡಿದರೆ ಅರಸರು ಎಷ್ಟೋ ವಾಸಿ.

ಅವರಿಗಿಂತ ಐನೂರು ವರ್ಷ ಹಿಂದೆ ಕುದುರೆಯನ್ನು ಶ್ಲೋಕದ ಮೇಲೇ ಓಡಿಸಿದವರು ವೇದಾಂತ ದೇಶಿಕರು. ಶ್ರೀರಂಗಕ್ಕೆ ದಾಳಿಕೋರರು ನುಗ್ಗಿದಾಗ ಅವರು ಕೊಳ್ಳೇಗಾಲದ ಹತ್ತಿರದ ಸತ್ಯಾಗಾಲಕ್ಕೆ ಬಂದಿದ್ದರು ಅನ್ನುತ್ತದೆ ಸಂಪ್ರದಾಯ. ಅವರ 'ಪಾದುಕಾಸಹಸ್ರ'ದಲ್ಲಿ 1008 ಶ್ಲೋಕ. ಅದರ ಚಿತ್ರಪದ್ಧತಿಯಲ್ಲಿ ಒಂದು ಜೋಡಿಯಿದೆ. ಮೊದಲನೆಯ ಶ್ಲೋಕದ 32 ಅಕ್ಷರಗಳನ್ನು ಎಂಟೆಂಟು ಮನೆಯ ನಾಲ್ಕು ಸಾಲಲ್ಲಿ ಬರೆದು, ಕುದುರೆ ನೆಗೆದ ಹಾಗೆ ಓದಿಕೊಂಡು ಹೋದರೆ ಮುಂದಿನ ಶ್ಲೋಕ ಸಿಗುತ್ತದೆ! ಅಕ್ಷರಗಳು ಅವೇ, ನಡೆ ಬೇರೆ, ಅರ್ಥವೂ ಬೇರೆ. ಈ ಜಾಡು ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನಿಂದಲೇ ಬಂದದ್ದು. ಆದರೆ ಅವನ ಕುದುರೆ ಓಡಿ ಓಡಿ ಅದೇ ಶ್ಲೋಕಕ್ಕೆ ವಾಪಸು ಬರುತ್ತದೆ. ದೇಶಿಕರ ಕುದುರೆಗೆ ಹೊಸ ಊರು ಸಿಕ್ಕಿತು.

"ಅದು ಸರಿ ಸಾರ್. ನಡೆದ್ರೆ ಕಾಲ ಮುಂದೆ, ತಿರುಗಿದ್ರೆ ಹಿಂದೆ. ಆ ಥರದ್ದು ಇದೆಯಾ ಹಳೇದ್ರಲ್ಲಿ?" ಅಂದ ಹುಡುಗ, ಸ್ವಲ್ಪ ಗತ್ತಿನಲ್ಲೇ.

"ನಿಮ್ಮೂರಲ್ಲೇ ಇದೆಯಲ್ಲಪ್ಪ, ಲಕ್ಷ್ಮೀನಾರಾಯಣನ ಗುಡೀಲಿ."

ನಮ್ಮ ಹೊಸಹೊಳಲಿನ ಈ ಗುಡಿ ಹೊಯ್ಸಳ ಸೋಮೇಶ್ವರನ ಕಾಲದ್ದು, 1250ರ ಆಸುಪಾಸು ಅನ್ನುತ್ತಾರೆ. ಮೂರು ಗರ್ಭಗುಡಿ, ಶಿಖರ ನಡುವಿನದಕ್ಕೆ ಮಾತ್ರ. ಗೋಡೆಯ ಬುಡದಲ್ಲಿ ಆನೆ, ಅದರ ಮೇಲೆ ಕುದುರೆ, ಆಮೇಲೆ ಬಳ್ಳಿ, ಅದರ ಮೇಲೆ ರಾಮಾಯಣ ಮಹಾಭಾರತದ ಪಟ್ಟಿ, ಮೇಲೆ ಮಕರ, ಹಂಸ. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಪಟ್ಟ ಕಟ್ಟಿದಾಗ ನಮ್ಮದನ್ನು ಬಿಟ್ಟಿದ್ದಕ್ಕೆ ಗೌಡರಿಗೆ ಇವತ್ತಿಗೂ ಕೋಪ. ಆ ಕಥೆಯ ಪಟ್ಟಿ ಇರುವುದು ಪ್ರದಕ್ಷಿಣೆಗೆ ತಕ್ಕ ಹಾಗೆ. ಜಗತಿಯ ಮೇಲೆ ನೀವು ಹೆಜ್ಜೆಯಿಟ್ಟರೆ ಕಥೆಯೂ ಹೆಜ್ಜೆಯಿಡುತ್ತದೆ. ಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಮುರಿದಿರುವುದರಿಂದ ಮುಂದಿನ ಪ್ರಸಂಗ ನಿಂತಲ್ಲಿಗೆ ಕಾಣುವುದಿಲ್ಲ. ಮೂಲೆ ದಾಟಿದವರಿಗಷ್ಟೇ ಮುಂದಿನದು. ನಿಂತರೆ ಬಾಣ ಬಿಲ್ಲಿನಲ್ಲೇ ಇರುತ್ತದೆ. ಅಪ್ರದಕ್ಷಿಣೆ ಹೋದರೆ ಕಾಡಿಗೆ ಹೋದವನು ಅಯೋಧ್ಯೆಗೆ ಮರಳುತ್ತಾನೆ, ಮಡಿದ ದುರ್ಯೋಧನ ಎದ್ದು ಕೂರುತ್ತಾನೆ.

ಹುಡುಗ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟ. ಎದ್ದು ನಿಂತು ಮನೆಗೋಡೆಯನ್ನೇ ಗುಡಿ ಮಾಡಿಕೊಂಡು ಬಲಗಡೆಗೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದ, ಗೋಡೆಗೆ ಮುಖ ಮಾಡಿದ. "ಸಾರ್, ಹಂಗಾದ್ರೆ ಕಥೆ ಬಲದಿಂದ ಎಡಕ್ಕೆ ಹೋಗತ್ತೆ! ಆಟದಲ್ಲಿ ಉಲ್ಟಾ, ಬಲಕ್ಕೆ ಹೋದ್ರೆ ಮುಂದೆ."

ಹುಡುಗ ಚುರುಕು. ಪುಸ್ತಕ ಓದುವ ಕಣ್ಣಿಗೆ ಎಡದಿಂದ ಬಲ ರೂಢಿ. ಕ್ಯಾಮೆರಾ ಹಿಡಿದು ಬರುವವರು ಅದೇ ರೂಢಿಯಲ್ಲಿ ಗೋಡೆ ನೋಡಿಕೊಂಡು ಬಲಕ್ಕೆ ಸರಿಯುತ್ತಾ ಪಟ್ಟಾಭಿಷೇಕದಿಂದ ವನವಾಸದ ಕಡೆಗೆ ಹೋಗಿಬಿಡುತ್ತಾರೆ. ಕಾಲಿಗೆ ಕೆತ್ತಿದ್ದನ್ನು ಕಣ್ಣಲ್ಲಿ ಓದಿದರೆ ಹೀಗೇ.

ಗೌಡರು ಅಷ್ಟೊತ್ತು ಸುಮ್ಮನಿದ್ದರು. "ಹಿಂದಕ್ಕೆ ನಡೆದ್ರೆ ಎಲ್ರೂ ಹಿಂದಕ್ಕೆ ಬತ್ತಾರಾ? ಒಬ್ಬರೂ ಉಳ್ಯಾಕಿಲ್ವಾ?"

"ಉಳೀತಾರೆ ತಾತ. ಈ ಆಟದಲ್ಲಿ ಹಸಿರಾಗಿ ಮಿಂಚೋ ಸಾಮಾನಿಗೆ ಕಾಲ ತಾಗಲ್ಲ. ನಾವು ಹಿಂದಕ್ಕೆ ಸುತ್ತಿದ್ರೂ ಅದು ಇದ್ದಂಗೇ ಇರತ್ತೆ. ಒಗಟೆಲ್ಲ ಬಿಡಿಸೋದೇ ಅದರ ಮೇಲೆ."

"ಹಂಗಾದ್ರೆ ಅವ್ರು ಚಿರಂಜೀವಿಗಳು ಕಣ್ಲಾ!" ಗೌಡರು ತೊಡೆ ತಟ್ಟಿದರು. "ಹನುಮಂತ, ವಿಭೀಷಣ, ಅಶ್ವತ್ಥಾಮ, ಕೃಪ, ಬಲಿ, ವ್ಯಾಸ, ಪರಶುರಾಮ. ಏಳು ಜನಕ್ಕೆ ಹಸಿರು ಬಳಿ."

ನನಗೂ ಹೊಳೆದಿರಲಿಲ್ಲ. ಈ ಮನುಷ್ಯ ಯಾವ ಕಂಪ್ಯೂಟರನ್ನೂ ಮುಟ್ಟಿದವರಲ್ಲ. ಆಟದ ಮೂಳೆಯನ್ನೇ ಹಿಡಿದುಬಿಟ್ಟರು. ಹುಡುಗ ಆಗಲೇ ಕಾಗದದ ಮೇಲೆ ಚೌಕ ಗೀಚುತ್ತಿದ್ದ: ಎಡಕ್ಕೆ ನಡೆದರೆ ಕಥೆ ಮುಂದೆ, ಬಲಕ್ಕೆ ಹಿಂದೆ, ಹನುಮಂತ ಹಸಿರು.

"ಇರ‍್ಲಾ," ಅಂದರು ಗೌಡರು. "ಲಂಕೆ ಸುಟ್ಟಾಯ್ತು. ನಾನು ಹಿಂದಕ್ಕೆ ನಡೀತೀನಿ. ಸುಟ್ಟ ಲಂಕೆ ಸರಿಹೋಯ್ತದೆ, ರಾವಣ ಸಿಂಹಾಸನದ ಮೇಲೆ ಕುಂತ್ಕತಾನೆ, ಅವನಿಗೆ ಏನೂ ಗೊತ್ತಿಲ್ಲ. ಹನುಮಂತ ಮಾತ್ರ ಹಂಗೇ ನಿಂತವ್ನೆ. ಬಾಲದ ಬೆಂಕಿ ಆರಿರ‍್ತದೋ, ಉರೀತಾ ಇರ‍್ತದೋ?"

ಬಾಲ ಹಸಿರು, ಬೆಂಕಿ ಹಸಿರಲ್ಲ ಅಂತ ಹುಡುಗ. ಬಾಲಕ್ಕೆ ಸುತ್ತಿದ ಬಟ್ಟೆ ಲಂಕೆಯದು, ಅದು ಬಿಚ್ಚಿಕೊಂಡು ಹೋಗಬೇಕಲ್ಲ ಅಂತ ನಾನು. ಎಣ್ಣೆ ಯಾರ ಮನೇದು ಅಂತ ಗೌಡರು. ಒಳಗಿಂದ ಎರಡು ಸಲ ಊಟಕ್ಕೆ ಕರೆದರು. ಮುದ್ದೆ ಆರುತ್ತಿತ್ತು, ಒಬ್ಬರೂ ಕದಲಲಿಲ್ಲ.