ಪ್ರಶ್ನೆ ವ್ಯಕ್ತಿಯದಲ್ಲ

ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಎಲ್‌ಐಸಿಯಲ್ಲೋ ಬ್ಯಾಂಕಿನಲ್ಲೋ ಯೂನಿಯನ್ ಕಟ್ಟಿ ನಿವೃತ್ತರಾದವರು. ಹೆಗಲಿಗೆ ಬಟ್ಟೆಯ ಚೀಲ, ಅದರೊಳಗೆ ಎರಡು ಪತ್ರಿಕೆ, ಒಂದು ಕೊಡೆ, ಬಿಪಿ ಮಾತ್ರೆ. ಹೋಟೆಲಿನ ಮಾಣಿಯನ್ನೂ ‘ಸಂಗಾತಿ’ ಎಂದು ಕರೆದು ಬೈಟು ಕಾಫಿ ತರಿಸುತ್ತಾರೆ. ಮಾತಿಗೆ ನಿಂತರೆ ‘ಒಂದನೆಯದಾಗಿ’ ಎಂದು ಶುರುಮಾಡುತ್ತಾರೆ. ಎರಡನೆಯದು ಬರುವಷ್ಟರಲ್ಲಿ ನಿಮ್ಮ ಬಸ್ಸು ಹೋಗಿರುತ್ತದೆ. ಊರಿಗೆ ಒಬ್ಬರೇ ಇದ್ದರೆ ತೊಂದರೆಯಿಲ್ಲ. ಇಬ್ಬರಿದ್ದರೆ ಒಬ್ಬರು ಸಿಪಿಐ, ಇನ್ನೊಬ್ಬರು ಸಿಪಿಎಂ. 1964ರಲ್ಲಿ ಪಕ್ಷ ಒಡೆದದ್ದು ನಿನ್ನೆ ಸಂಜೆಯೇನೋ ಎಂಬಂತೆ ಬೇರೆ ಬೇರೆ ಟೇಬಲ್ಲಿನಲ್ಲಿ ಕೂತಿರುತ್ತಾರೆ.

ನಮ್ಮೂರಿನ ರಾಯರು ಸಿಪಿಎಂ. ಸದಸ್ಯರಲ್ಲ, ಹಿತೈಷಿ. ಸದಸ್ಯನಾದವನಿಗೆ ಪಕ್ಷದ ಶಿಸ್ತು ಇರುತ್ತದೆ, ಬಾಯಿಗೆ ಬಂದದ್ದು ಮಾತಾಡುವ ಹಾಗಿಲ್ಲ. ಹಿತೈಷಿಗೆ ಆ ತಾಪತ್ರಯವಿಲ್ಲ.

2024ರ ಸೆಪ್ಟೆಂಬರಿನಲ್ಲಿ ಸೀತಾರಾಮ್ ಯೆಚೂರಿ ತೀರಿಕೊಂಡಾಗ ರಾಯರು ನಿಜಕ್ಕೂ ಅತ್ತರು. ಅಧಿಕಾರದಲ್ಲಿರುವಾಗಲೇ ಪ್ರಧಾನ ಕಾರ್ಯದರ್ಶಿ ತೀರಿಕೊಂಡದ್ದು ಆ ಪಕ್ಷದಲ್ಲಿ ಅದೇ ಮೊದಲು. ಬೇರೆ ಪಕ್ಷವಾಗಿದ್ದರೆ ಹದಿಮೂರನೇ ದಿನದೊಳಗೆ ದೆಹಲಿಯಿಂದ ಲಕೋಟೆ ಬಂದು ಹೊಸಬರು ಕುರ್ಚಿಯಲ್ಲಿ ಕೂತಿರುತ್ತಿದ್ದರು. ಇಲ್ಲಿ ಹಾಗಿಲ್ಲ. ಏಪ್ರಿಲ್‌ನಲ್ಲಿ ಮಧುರೈ ಮಹಾಧಿವೇಶನ ಆಗುವವರೆಗೆ ಪ್ರಕಾಶ್ ಕಾರಟ್ ಸಂಚಾಲಕರು ಎಂದು ತೀರ್ಮಾನವಾಯಿತು.

ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಹೋಟೆಲಿನ ಶೆಟ್ಟರಿಗೆ ತಡೆಯಲಿಲ್ಲ. ‘ಎಂಥ ಮಾರಾಯ್ರೆ, ಇನ್ನೂ ಯಾರೂ ಸಿಗ್ಲಿಲ್ವಾ ನಿಮ್ಗೆ?’

‘ಹುಡುಗಿ ನೋಡೋ ಶಾಸ್ತ್ರ ಅಲ್ಲ ಶೆಟ್ರೇ ಇದು’ ಎಂದು ರಾಯರು ಕಪ್ಪು ಕೆಳಗಿಟ್ಟರು. ‘ಒಂದನೆಯದಾಗಿ, ನಮ್ಮಲ್ಲಿ ಪ್ರಶ್ನೆ ವ್ಯಕ್ತಿಯದಲ್ಲ, ನೀತಿಯದು. ಯಾರು ಅನ್ನೋದು ಬೂರ್ಜ್ವಾ ಪತ್ರಿಕೆಗಳ ಚಪಲ.’

ಆ ಚಪಲ ರಾಯರಿಗೆಷ್ಟಿದೆ ಎಂಬುದು ನನಗೆ ಗೊತ್ತಾದದ್ದು ಅವರ ಕನ್ನಡಕದ ಪೆಟ್ಟಿಗೆಯಿಂದ. ಬಿಲ್ಲು ಕೊಡುವಾಗ ಅದರೊಳಗಿಂದ ಮಡಿಸಿದ ಒಂದು ಮದುವೆ ಕರೆಯೋಲೆ ಜಾರಿ ಬಿತ್ತು. ಹಿಂಬದಿಯಲ್ಲಿ ಪೆನ್ಸಿಲಿನ ಸಣ್ಣಕ್ಷರದಲ್ಲಿ ಇಡೀ ಪೊಲಿಟ್ ಬ್ಯೂರೋ ಇತ್ತು, ಪ್ರತಿ ಹೆಸರಿನ ಮುಂದೆ ಹುಟ್ಟಿದ ವರ್ಷದ ಸಮೇತ. ಎಪ್ಪತ್ತೈದು ದಾಟಿದವರು ಕೇಂದ್ರ ಸಮಿತಿಯಲ್ಲಿ ಇರಬಾರದೆಂಬುದು ಪಕ್ಷದ ನಿಯಮ. ಹಾಗಾಗಿ ಬೃಂದಾ ಕಾರಟ್ 1947, ಸುಭಾಷಿಣಿ ಅಲಿ 1947, ಪ್ರಕಾಶ್ ಕಾರಟ್ 1948, ಮಾಣಿಕ್ ಸರ್ಕಾರ್ 1949, ಎಲ್ಲರ ಮೇಲೂ ಗೀಟು ಬಿದ್ದಿತ್ತು. ಪಿಣರಾಯಿ ವಿಜಯನ್ 1945 ಎಂಬಲ್ಲಿ ಮಾತ್ರ ಗೀಟಿಲ್ಲ, ಪ್ರಶ್ನಾರ್ಥಕ ಚಿಹ್ನೆ. ಉಳಿದವರಲ್ಲಿ ಬೇಬಿ, ರಾಘವುಲು, ಢವಳೆ, ಸಲೀಂ. ಬೇಬಿಯ ಹೆಸರನ್ನು ರಬ್ಬರಿನಿಂದ ಅಳಿಸಿ ಮತ್ತೆ ಬರೆದು, ಮತ್ತೆ ಅಳಿಸಿ, ಅಲ್ಲಿ ಕಾಗದವೇ ತೂತಾಗಿತ್ತು.

‘ಮೊಮ್ಮಗಳ ಹೋಂವರ್ಕು’ ಎಂದರು ರಾಯರು. ಯಾವ ಶಾಲೆಯ ಸಿಲಬಸ್ಸೋ ನಾನು ಕೇಳಲಿಲ್ಲ.

ಫೆಬ್ರವರಿಯಲ್ಲಿ ಕರಡು ರಾಜಕೀಯ ನಿರ್ಣಯ ಬಂತು. ಮಿಕ್ಕ ಪಕ್ಷಗಳಲ್ಲಿ ಮೊದಲು ನಾಯಕ, ಆಮೇಲೆ ಪುರುಸೊತ್ತಾದರೆ ಪ್ರಣಾಳಿಕೆ. ಇಲ್ಲಿ ಎರಡು ತಿಂಗಳು ಕರಡು ಊರೂರು ಸುತ್ತಿ, ಶಾಖೆಶಾಖೆಯಲ್ಲಿ ಚರ್ಚೆಯಾಗಿ, ಸಾವಿರಾರು ತಿದ್ದುಪಡಿ ಬಂದು, ಕಟ್ಟಕಡೆಯಲ್ಲಿ ನಾಯಕ. ರಾಯರು ಪೆನ್ಸಿಲ್ ಹಿಡಿದು ಕೂತರು. ಆ ಸಲದ ಜಟಾಪಟಿ ನಡೆದದ್ದು ಕೇಂದ್ರ ಸರ್ಕಾರವನ್ನು ಏನೆಂದು ಕರೆಯಬೇಕು ಎಂಬುದರ ಮೇಲೆ. ‘ನವ ಫ್ಯಾಸಿಸ್ಟ್ ಲಕ್ಷಣ’ಗಳಿವೆ, ಹಾಗೆಂದು ಸರ್ಕಾರ ಫ್ಯಾಸಿಸ್ಟೂ ಅಲ್ಲ, ನವ ಫ್ಯಾಸಿಸ್ಟೂ ಅಲ್ಲ ಎಂದು ಸಿಪಿಎಂ ವಿವರಣೆಯ ಟಿಪ್ಪಣಿಯನ್ನೇ ಕಳಿಸಿತು. ಸಿಪಿಐಗೆ ಇದು ಒಪ್ಪಿಗೆಯಾಗಲಿಲ್ಲ. ನಮ್ಮ ಹೋಟೆಲಿನಲ್ಲಿ ಎರಡು ಟೇಬಲ್ಲುಗಳ ನಡುವೆ ಮೂರು ವಾರ ಕಾಫಿಗಿಂತ ಬಿಸಿಯಾಗಿ ಇದೇ ನಡೆಯಿತು. ಶೆಟ್ಟರು ಒಂದು ದಿನ ಮಧ್ಯೆ ಬಂದು, ‘ಗೊತ್ತಾಯ್ತು ಬಿಡಿ. ನಮ್ಮ ಡಾಕ್ಟ್ರು ಹೇಳಿದ ಹಾಗೆ: ಡೆಂಗ್ಯೂ ಲಕ್ಷಣ ಉಂಟು, ಡೆಂಗ್ಯೂ ಅಲ್ಲ. ಬಿಲ್ಲು ಮಾತ್ರ ಡೆಂಗ್ಯೂದೇ’ ಎಂದರು. ರಾಯರು ನಗಲಿಲ್ಲ. ಹಿತೈಷಿಗೆ ತಿದ್ದುಪಡಿಯ ಹಕ್ಕಿಲ್ಲದಿದ್ದರೂ ನಾಲ್ಕು ಪುಟ ಬರೆದು, ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಶಾಖಾ ಕಾರ್ಯದರ್ಶಿಯ ಕೈಚೀಲಕ್ಕೆ ತುರುಕಿ ಬಂದರು.

ಆಯ್ಕೆಯ ಕ್ರಮವನ್ನು ರಾಯರು ಜನತಾದಳದ ಗೌಡರಿಗೆ ವಿವರಿಸಿದ್ದು ಇನ್ನೊಂದು ಪ್ರಸಂಗ. ಹಳೆಯ ಕೇಂದ್ರ ಸಮಿತಿ ಹೊಸ ಸಮಿತಿಗೆ ಹೆಸರುಗಳ ಪಟ್ಟಿ ಇಡುತ್ತದೆ, ಪ್ರತಿನಿಧಿಗಳು ಅನುಮೋದಿಸುತ್ತಾರೆ, ಆ ಹೊಸ ಸಮಿತಿ ಪ್ರಧಾನ ಕಾರ್ಯದರ್ಶಿಯನ್ನು ಆರಿಸುತ್ತದೆ. ಗೌಡರು ಎಲೆಯಡಿಕೆ ಜಗಿಯುತ್ತ ಕೇಳಿದರು. ‘ಅಂದ್ರೆ ಹಳಬ್ರು ಹೊಸಬ್ರನ್ನ ಆರಿಸ್ತಾರೆ, ಹೊಸಬ್ರು ಹಳಬ್ರನ್ನ ಆರಿಸ್ತಾರೆ.’

‘1964ರಿಂದ ಇಲ್ಲಿಗೆ ಐದೇ ಜನ ಕಣ್ರೀ’ ಎಂದು ರಾಯರು ಬೆರಳು ಮಡಿಸಿದರು. ‘ಸುಂದರಯ್ಯ, ಇಎಂಎಸ್, ಸುರ್ಜಿತ್, ಕಾರಟ್, ಯೆಚೂರಿ. ಅಷ್ಟರಲ್ಲಿ ನಮ್ಮ ವಿಧಾನಸೌಧಕ್ಕೆ ಎಷ್ಟು ಮುಖ್ಯಮಂತ್ರಿಗಳು ಬಂದುಹೋದ್ರು, ನಿಮ್ಮ ಬೆರಳು ಸಾಲುತ್ತಾ ನೋಡಿ.’

ಗೌಡರು ಎಣಿಸಲಿಲ್ಲ. ಎದ್ದು ಹೋಗಿ ಉಗಿದು ಬಂದು ತಮ್ಮ ಬ್ರಹ್ಮಾಸ್ತ್ರ ತೆಗೆದರು. ‘ಅದಿರ್ಲಿ ರಾಯ್ರೆ. ತೊಂಬತ್ತಾರರಲ್ಲಿ ಜ್ಯೋತಿ ಬಸು ಅವರು ಪ್ರಧಾನಿ ಆಗಿ ಅಂತ ದೇಶವೇ ಕರೀತು. ನಿಮ್ಮ ಕಮಿಟಿ ಬೇಡ ಅಂತು. ನಮ್ ಗೌಡ್ರು ಆದ್ರು. ನಿಮ್ಮ ಕಮಿಟಿ ಋಣ ನಾವು ತೀರ್ಸೋಕಾಗಲ್ಲ ಬಿಡಿ.’

ಈ ಮಾತಿಗೆ ರಾಯರ ಬಳಿ ಉತ್ತರವಿಲ್ಲ. ಇದ್ದಿದ್ದರೆ ಬಸು ಅವರೇ ಅದನ್ನು ಐತಿಹಾಸಿಕ ಪ್ರಮಾದ ಎನ್ನುತ್ತಿರಲಿಲ್ಲ. ‘ಬಹುಮತದ ತೀರ್ಮಾನ’ ಎಂದಷ್ಟೇ ಹೇಳಿ ಗೌಡರ ಕಾಫಿಯ ದುಡ್ಡನ್ನೂ ತಾವೇ ಕೊಟ್ಟರು.

ಮಧುರೈ ಅಧಿವೇಶನದ ಕೊನೆಯ ದಿನ, 2025ರ ಏಪ್ರಿಲ್ 6, ಶ್ರೀರಾಮನವಮಿ. ರಾಮೋತ್ಸವದ ಪೆಂಡಾಲಿನ ಪಕ್ಕ ರಾಯರು ಒಂದು ಕೈಯಲ್ಲಿ ಪಾನಕ, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಂತಿದ್ದರು. ನಾನು ಪಾನಕದ ಲೋಟ ನೋಡಿದ್ದನ್ನು ಅವರು ನೋಡಿದರು. ‘ಬಿಸಿಲು’ ಎಂದರು. ಕೋಸಂಬರಿಗೆ ಯಾವ ಕಾರಣವನ್ನೂ ಕೊಡಲಿಲ್ಲ.

ಸುದ್ದಿ ಬಂತು. ರಾಯರು ಲೋಟ ಎತ್ತಿ ಕೂಗಿಯೇಬಿಟ್ಟರು: ‘ಬೇಬಿ!’

ಪಾನಕ ಹಂಚುತ್ತಿದ್ದ ಹುಡುಗ ಬೆಚ್ಚಿದ. ‘ಯಾರದ್ದು ಸಾರ್?’

‘ಎಂ.ಎ. ಬೇಬಿ. ಕೇರಳದಲ್ಲಿ ಶಿಕ್ಷಣ ಮಂತ್ರಿ ಆಗಿದ್ದವರು. ನಿನ್ನೆಗೆ ಎಪ್ಪತ್ತೊಂದು ತುಂಬಿತು.’

ಹುಡುಗ ಲೆಕ್ಕ ಹಾಕಿ, ಸುಮ್ಮನೆ ಇನ್ನೊಂದು ಸೌಟು ಪಾನಕ ಬಿಟ್ಟ. ರಾಯರ ಖುಷಿ ಅಲ್ಲಿಗೇ ನಿಲ್ಲಲಿಲ್ಲ. ಮಹಾರಾಷ್ಟ್ರದ ಡಿ.ಎಲ್. ಕರಾಡ್ ಪಟ್ಟಿಯ ವಿರುದ್ಧ ಕೇಂದ್ರ ಸಮಿತಿಗೆ ಸ್ಪರ್ಧಿಸಿದ್ದರು. ‘ಗುಪ್ತ ಮತದಾನ ನಡೆದಿದೆ ನೋಡ್ರೀ! ಆಂತರಿಕ ಪ್ರಜಾಪ್ರಭುತ್ವ ಅಂದ್ರೆ ಇದು. ಮೂವತ್ತೊಂದು ಮತ!’ ಬಗಲಲ್ಲಿದ್ದ ಗೌಡರು, ನಮ್ಮ ಹಾಲಿನ ಸೊಸೈಟಿಯಲ್ಲಿ ಅಷ್ಟು ಬಿದ್ದವನು ಊರು ಬಿಡುತ್ತಾನೆ ಎಂದರು. ಪಿಣರಾಯಿಯವರಿಗೆ ವಯಸ್ಸಿನ ವಿನಾಯಿತಿ ಸಿಕ್ಕ ಸುದ್ದಿಯನ್ನು ರಾಯರು ಓದಿ ಹೇಳಲಿಲ್ಲ. ಕರೆಯೋಲೆ ತೆಗೆದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಅಳಿಸಿದರು.

ಮುಂದಿನ ತಿಂಗಳು ಊರಿನ ಪಿಂಚಣಿದಾರರ ಸಂಘದ ವಾರ್ಷಿಕ ಸಭೆ. ಸಂಘ ಹುಟ್ಟಿದಾಗಿನಿಂದ ರಾಯರೇ ಅಧ್ಯಕ್ಷರು. ಈ ಸಲ ಸಿಪಿಐ ಟೇಬಲ್ಲಿನ ಗೆಳೆಯರು ಎದ್ದು ನಿಂತು, ಎಪ್ಪತ್ತೈದು ದಾಟಿದವರು ಪದಾಧಿಕಾರಿಗಳಾಗಬಾರದು ಎಂದು ಗೊತ್ತುವಳಿ ಮಂಡಿಸಿದರು. ರಾಯರಿಗೆ ಎಪ್ಪತ್ತಾರು. ಸಭೆ ಅವರ ಮುಖ ನೋಡಿತು.

‘ಒಂದನೆಯದಾಗಿ’ ಎಂದು ರಾಯರು ಮೈಕಿನ ಎತ್ತರ ಸರಿಮಾಡಿಕೊಂಡರು, ‘ಪ್ರಶ್ನೆ ವ್ಯಕ್ತಿಯದಲ್ಲ, ನೀತಿಯದು. ಮೊದಲು ನೀತಿಯ ಬಗ್ಗೆ ಕೂಲಂಕಷ ಚರ್ಚೆಯಾಗಲಿ.’

ಚರ್ಚೆಯಾಯಿತು. ತುಟ್ಟಿಭತ್ಯೆಯಿಂದ ಹಿಡಿದು ವೆನೆಜುವೆಲಾವರೆಗೆ ಆಯಿತು. ಒಂದೂವರೆಗೆ ಬಿಸಿಬೇಳೆಬಾತಿನ ಪಾತ್ರೆ ಬಂದು, ಒಗ್ಗರಣೆಯ ಘಮಕ್ಕೆ ಕೋರಂ ಕರಗಿತು. ಅಧ್ಯಕ್ಷರ ಆಯ್ಕೆಯನ್ನು ಮುಂದಿನ ಮಹಾಸಭೆಗೆ ಮುಂದೂಡಲಾಗಿದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಯಲಾಯಿತು. ಅಲ್ಲಿಯವರೆಗೆ ರಾಯರು ಸಂಚಾಲಕರು.