ಫೇಸ್ ಹೋದ ದಿನ

ನಮ್ಮ ತಾತನವರು ಮೈಸೂರಿನಲ್ಲಿ ಕಟ್ಟಿಸಿದ ಮನೆಯ ಒಂದೂವರೆ ಮೊಳದ ಗೋಡೆಗಳು, ಬೇಸಗೆಯ ತಾಪವನ್ನೂ ನೆರೆಮನೆಯ ಕಲಹವನ್ನೂ ಸಮದೃಷ್ಟಿಯಿಂದ ತಡೆಯುವಂತೆಯೇ, ಹಜಾರದಲ್ಲಿ ಪ್ರತಿಷ್ಠಾಪಿತವಾದ ವೈಫೈ ಪೆಟ್ಟಿಗೆಯ ತರಂಗಗಳನ್ನೂ ಹಿತ್ತಲ ಕಡೆಯ ನನ್ನ ವ್ಯಾಸಂಗದ ಕೋಣೆಗೆ ಬಾರದಂತೆ ತಡೆಯುತ್ತಿದ್ದುವು. ಗೋಡೆ ಕೊರೆದು ಕೇಬಲ್ ಎಳೆಸೋಣವೆಂದರೆ, ದೀಪಾವಳಿಗಷ್ಟೇ ಸುಣ್ಣ ಹೊಡೆಸಿದ್ದ ಗೃಹಿಣಿ ಸಮ್ಮತಿಸಲಿಲ್ಲ. ಆಗ ಮಗನು ತಂದದ್ದು ಪವರ್‌ಲೈನ್ ಅಡಾಪ್ಟರೆಂಬ ಜೋಡಿ ಡಬ್ಬಿಗಳನ್ನು. ಸೆಕೆಂಡಿಗೆ 50 ಸಲ ಹೊರಳುವ 230 ವೋಲ್ಟಿನ ಕರೆಂಟಿನ ಮೇಲೆ, ಸೆಕೆಂಡಿಗೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಸಲ ಕಂಪಿಸುವ ಕ್ಷೀಣ ಸಂಕೇತಗಳು, ಗಜರಾಜನ ಬೆನ್ನೇರಿದ ಗುಬ್ಬಚ್ಚಿಗಳಂತೆ ಸವಾರಿ ಮಾಡುತ್ತವೆಯಂತೆ.

ಡಬ್ಬಿಯ ದೀಪ ಕೆಂಪಗೇ ಉರಿಯಿತು. ಅದನ್ನು ಚುಚ್ಚಿದ್ದ ಎಕ್ಸ್‌ಟೆನ್ಷನ್ ಬೋರ್ಡಿನೊಳಗೆ ಸರ್ಜ್ ತಡೆಯುವ ಫಿಲ್ಟರೊಂದಿದ್ದು, ಅದು ಸಾಧು ಸಂಕೇತಗಳನ್ನೂ ಪುಂಡರ ಗುಂಪಿಗೇ ಸೇರಿಸಿ ನುಂಗಿಹಾಕುತ್ತಿತ್ತು. ನೇರವಾಗಿ ಗೋಡೆಗೇ ಚುಚ್ಚಿದೆ. ದೀಪ ಹಳದಿಗೆ ತಿರುಗಿತು. ಆದರೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮತ್ತೆ ಕೆಂಪು. ಮಿಕ್ಸಿಯ ಕಾರ್ಬನ್ ಬ್ರಷ್ಷಿನಲ್ಲಿ ಏಳುವ ಕಿಡಿಗಳ ಗದ್ದಲ ತಂತಿಯ ತುಂಬ ಹರಡಿ, ಕಾಯಿಚಟ್ನಿ ನುಣ್ಣಗಾಗುವವರೆಗೆ ನನ್ನ ಪತ್ರಗಳು ಹೊರಡುವಂತಿರಲಿಲ್ಲ. ಚಟ್ನಿಯನ್ನು ಆಕ್ಷೇಪಿಸುವ ಧೈರ್ಯ ನನಗಿಲ್ಲ. ಆದರೆ ಮಿಕ್ಸಿ ನಿಂತ ಮೇಲಾದರೂ ವೇಗ ಬರಬೇಡವೇ? 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು 90 ಮೈಲಿಗೂ ಮೇಲ್ಪಟ್ಟ ದೂರ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ ನಾಡಿನಲ್ಲಿ, ಹಜಾರದಿಂದ ಹಿತ್ತಲಿಗೆ 40 ಅಡಿ ದಾಟಲು ಸಂಕೇತವೊಂದು ಏದುಸಿರುಬಿಡುವುದನ್ನು ಕಂಡು ನನಗೇ ನಾಚಿಕೆಯಾಯಿತು.

ಹೀಗಿರುವಾಗ ಒಂದು ಸಂಜೆ, ಹಿಂಭಾಗದ ಫೇಸ್ ಹೋಯಿತು. ಎಂದಿನಂತೆ ಗೊಣಗುತ್ತ ಮೀಟರ್ ಬೋರ್ಡಿನ ಬಳಿ ಹೋಗಿ, ಚೇಂಜ್‌ಓವರ್ ಸ್ವಿಚ್ಚನ್ನು ತಿರುಗಿಸಿ ಹಿಂಭಾಗವನ್ನೂ ಹಜಾರದ ಫೇಸಿಗೇ ಸೇರಿಸಿ ಬಂದು ನೋಡುತ್ತೇನೆ, ಡಬ್ಬಿಯ ದೀಪ ಮಾವಿನ ಚಿಗುರಿನಂತೆ ಹಸುರು! ಊರೆಲ್ಲ ಕರೆಂಟಿಲ್ಲವೆಂದು ಶಪಿಸುತ್ತಿದ್ದ ಆ ವೇಳೆಯಲ್ಲಿ ನನ್ನ ಇಂಟರ್‌ನೆಟ್ ನಾಗಾಲೋಟದಿಂದ ಓಡುತ್ತಿತ್ತು. ಆಗ ತತ್ತ್ವ ಹೊಳೆಯಿತು: ಇದುವರೆಗೆ ಒಂದು ಡಬ್ಬಿ ಕೆಂಪು ಫೇಸಿನಲ್ಲಿ, ಇನ್ನೊಂದು ನೀಲಿ ಫೇಸಿನಲ್ಲಿ ಕುಳಿತು, ಒಂದೇ ಮನೆಯಲ್ಲಿದ್ದೂ ಪಾಲಾದ ಅಣ್ಣತಮ್ಮಂದಿರಂತೆ ಬದುಕುತ್ತಿದ್ದುವು, ಅಕ್ಕಪಕ್ಕದ ತಂತಿಗಳಿಂದ ಕದ್ದು ಜಿನುಗಿದಷ್ಟೇ ಸಂಕೇತ ನನ್ನ ಪಾಲಿಗೆ ಬರುತ್ತಿತ್ತು.

ಸ್ವಿಚ್ಚನ್ನು ಹಾಗೆಯೇ ಬಿಟ್ಟು ನೆಮ್ಮದಿಯಿಂದ ಮಲಗಿದೆ. ಮರುದಿನ ಬೆಳಿಗ್ಗೆ ಬಚ್ಚಲಿನ ಗೀಸರು, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಮೂರೂ ಏಕಕಾಲದಲ್ಲಿ ಆ ಒಂದೇ ಫೇಸಿನ ಮೇಲೆ ಬಿದ್ದುದರಿಂದ ಫ್ಯೂಸ್ ಹಾರಿ, ಸೊಸೆ ಸೋಪಿನ ನೊರೆಯೊಡನೆ ಕತ್ತಲಲ್ಲಿ ನಿಂತಳು. ಗೀಸರ್ ಕಾಯುವಷ್ಟು ಹೊತ್ತು ಹಿಂಭಾಗ ನೀಲಿ ಫೇಸಿನಲ್ಲಿಯೇ ಇರತಕ್ಕದ್ದೆಂದು ಗೃಹಿಣಿಯ ತೀರ್ಪಾಯಿತು.

ಈ ಪ್ರಬಂಧವನ್ನು ಸಂಪಾದಕರಿಗೆ ಕಳುಹಿಸಲು ಇಂದೇ ಕಡೆಯ ದಿನ. ಸೊಸೆಯ ಸ್ನಾನ ಇನ್ನೂ ಮುಗಿದಿಲ್ಲ.